ಮೊದಲ ಕತ್ತರಿ

ಮಗಳು ಪರ್ವೋನಾ ಆ ಮಾತು ತೆಗೆದದ್ದು ಬೆಳಗಿನ ಚಹಾದ ಹೊತ್ತಿಗೆ, ನಾನು ರೊಟ್ಟಿ ಮುರಿದು ನೆಲಕ್ಕೆ ಹಾಸಿದ ದಸ್ತರ್‌ಖಾನಿನ ಮೇಲೆ ಇಡುತ್ತಿದ್ದಾಗ. ತನ್ನ ಮದುವೆಯ ಅಂಗಿಯ ಬಟ್ಟೆಗೆ ಮೊದಲ ಕತ್ತರಿ ನಾನೇ ಹಾಕಬೇಕಂತೆ. ಬೇರೆ ಯಾರು ಹಾಕಿದರೂ ಆ ಅಂಗಿ ತೊಡುವುದಿಲ್ಲವಂತೆ. ಪೇಟೆಯಿಂದ ಬಾಡಿಗೆಗೆ ಬಿಳಿ ಗೌನು ತಂದುಕೊಳ್ಳುತ್ತಾಳಂತೆ. ಇಷ್ಟು ಹೇಳಿ, ಇವತ್ತು ಮೋಡ ಇದೆ ಎಂದು ಹೇಳಿದವಳ ಹಾಗೆ, ಬಟ್ಟಲಿನ ಚಹಾ ಊದಿ ಕುಡಿದಳು.

ಅವಳಿಗೆ ಗೊತ್ತಿಲ್ಲದ ವಿಷಯವೇನೂ ಅಲ್ಲ. ನಮ್ಮ ಊರು ಇಸ್ತರವ್ಶಾನಿನಲ್ಲಿ ಹುಟ್ಟಿದ ಯಾವ ಹೆಣ್ಣು ಮಗುವಿಗೂ ಗೊತ್ತು: ಮದುವಣಗಿತ್ತಿಯ ಬಟ್ಟೆಗೆ ಮೊದಲ ಕತ್ತರಿ ಹಾಕುವವಳು ಗಂಡ ಮಕ್ಕಳಿರುವ, ತುಂಬಿದ ಬಾಳಿನವಳಾಗಿರಬೇಕು. ವಿಧವೆಯಾಗಿರಬಾರದು, ಗಂಡ ಬಿಟ್ಟವಳಾಗಿರಬಾರದು. ಕೈಯಲ್ಲಿ ಏನಿದೆಯೋ ಅದು ಬಟ್ಟೆಗೆ ಇಳಿಯುತ್ತದೆ, ಬಟ್ಟೆಯಿಂದ ಹುಡುಗಿಗೆ. ನನ್ನ ಗಂಡ ರಷ್ಯಾಕ್ಕೆ ಕೆಲಸಕ್ಕೆ ಹೋದವನು, ಪರ್ವೋನಾ ಎರಡನೇ ತರಗತಿಯಲ್ಲಿದ್ದಾಗ ಫೋನಿನಲ್ಲೇ ಮೂರು ಸಲ ತಲಾಖ್ ಹೇಳಿ ಮುಗಿಸಿದ. ಆಗ ನಾನು ಯಾರದೋ ಮದುವೆಯ ಅಂಗಿಗೆ ತೋಳು ಕೂರಿಸುತ್ತಿದ್ದೆ. ಫೋನ್ ಇಟ್ಟು ಆ ತೋಳನ್ನು ಮುಗಿಸಿದೆ. ಸಂಜೆಗೆ ಅವರು ಅಂಗಿ ಒಯ್ಯಲು ಬರುವವರಿದ್ದರು.

ಹಗಲು ಹೊಲಿಗೆ ಕಾರ್ಖಾನೆ, ಸಂಜೆ ಶಾಲೆ ಎಂದು ಓದಿದವಳು ನಾನು. ಇಂಥದ್ದನ್ನೆಲ್ಲ ನಂಬುತ್ತೀಯಾ ಎಂದು ಯಾರಾದರೂ ಕೇಳಿದರೆ ನೇರ ಉತ್ತರ ಕೊಡಲು ನನಗೆ ಬರುವುದಿಲ್ಲ. ನನ್ನ ಮಟ್ಟಿಗಾದರೆ ನಂಬದೆ ಇರಬಹುದು. ಮಗಳ ಮಟ್ಟಿಗೆ ಆ ಧೈರ್ಯ ನನಗಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲೇ ಹೊಲಿಯುತ್ತ ಬಂದಿದ್ದೇನೆ. ನಮ್ಮ ಓಣಿಯ ಅರ್ಧ ಹುಡುಗಿಯರು ನಾನು ಹೊಲಿದ ಅಂಗಿಯಲ್ಲೇ ಅತ್ತೆಯ ಮನೆಗೆ ಹೋದವರು. ಆದರೆ ಮದುವೆಯ ಬಟ್ಟೆ ನನ್ನ ಮೇಜಿಗೆ ಬರುವಷ್ಟರಲ್ಲಿ ಅದಕ್ಕೆ ಮೊದಲ ಕತ್ತರಿ ಬಿದ್ದಿರುತ್ತದೆ. ಹುಡುಗಿಯ ಮನೆಯಲ್ಲಿ ಹೆಂಗಸರು ಸೇರಿ, ಬಟ್ಟೆಯ ಮೇಲೆ ಮಿಠಾಯಿ ಚೆಲ್ಲಿ, ಮಸ್ತೂರಾ ಅಪಾ ಕೈಯಿಂದ ಕತ್ತಿನ ಜಾಗಕ್ಕೆ ಕತ್ತರಿ ಹಾಕಿಸಿ, ಆಮೇಲೆ ಗಂಟು ಕಟ್ಟಿ ನನಗೆ ಕಳಿಸುತ್ತಾರೆ. ಆ ಕೂಟಕ್ಕೆ ನನ್ನನ್ನು ಯಾರೂ ಕರೆಯುವುದಿಲ್ಲ, ನಾನೂ ಕಾಯುವುದಿಲ್ಲ. ಅದು ಹಾಗೇ ನಡೆದುಕೊಂಡು ಬಂದಿದೆ.

ಮಸ್ತೂರಾ ಅಪಾ ನಮ್ಮ ಎದುರು ಮನೆಯವರು, ನನಗೆ ಅಕ್ಕನ ಹಾಗೆ, ಪರ್ವೋನಾಗೆ ಖೋಲಾ, ದೊಡ್ಡಮ್ಮ. ಐವರು ಗಂಡು ಮಕ್ಕಳು, ಅಂಗಳ ತುಂಬ ಮೊಮ್ಮಕ್ಕಳು. ಗಂಡ ದೂರದ ರಷ್ಯಾದ ಸುರ್ಗುತ್‌ನಲ್ಲಿ ಕಟ್ಟಡದ ಕೆಲಸದಲ್ಲಿದ್ದಾನೆ. ಅವನು ಊರಿಗೆ ಬಂದು ವರ್ಷಗಳೇ ಆದವು, ಅಲ್ಲಿ ಇನ್ನೊಂದು ಸಂಸಾರ ಇದೆ ಎಂದು ಓಣಿಗೆಲ್ಲ ಗೊತ್ತು. ಆದರೆ ತಲಾಖ್ ಎಂಬ ಆ ಮಾತನ್ನು ಅವನು ಹೇಳಿಲ್ಲ. ಹೇಳದಿರುವ ತನಕ ಮಸ್ತೂರಾ ಅಪಾ ಗಂಡನಿರುವ ಹೆಂಗಸು, ಕತ್ತರಿ ಹಿಡಿಯಲು ಎಲ್ಲರಿಗೂ ಬೇಕಾದವರು.

"ಅವರ ಗಂಡ ಬಾಯಿ ಬಿಟ್ಟಿಲ್ಲ, ನಮ್ಮಪ್ಪ ಬಿಟ್ರು," ಎಂದಳು ಪರ್ವೋನಾ. "ಅಷ್ಟೇ ತಾನೆ ವ್ಯತ್ಯಾಸ, ಓಯಾ?"

ಹೆತ್ತ ತಾಯಿಗೆ ಹೀಗೆಲ್ಲ ಹೇಳುವುದನ್ನು ಔಷಧದ ಅಂಗಡಿಯ ಕೆಲಸ ಅವಳಿಗೆ ಕಲಿಸಿದೆ ಎಂದು ನನ್ನ ಗುಮಾನಿ. ಅಲ್ಲಿ ದಿನವಿಡೀ ಜನರಿಗೆ ಒಂದು ಮಾತ್ರೆಗೂ ಇನ್ನೊಂದು ಮಾತ್ರೆಗೂ ಹೆಸರು ಬಿಟ್ಟರೆ ವ್ಯತ್ಯಾಸವಿಲ್ಲ ಎಂದು ಹೇಳಿ ಹೇಳಿ ಅಭ್ಯಾಸವಾಗಿದೆ. ನಾನು ಎದ್ದು ಬಟ್ಟಲುಗಳನ್ನು ಒಟ್ಟು ಮಾಡಿದೆ. ಅವಳ ಬಟ್ಟಲಲ್ಲಿ ಇನ್ನೂ ಚಹಾ ಇತ್ತು, ಅದನ್ನೂ ತೆಗೆದೆ.

ಬೀಗಿತಿ ಮುಕರ್ರಮ್ ಬಟ್ಟೆ ತಂದುಕೊಟ್ಟದ್ದು ಆ ವಾರವೇ. ಹುಡುಗ ಸಿಯೋವುಶ್ ಫ್ರಿಜ್ಜು ರಿಪೇರಿ ಮಾಡುತ್ತಾನೆ, ಮಾತು ಕಡಿಮೆ, ಒಳ್ಳೆಯವನು. ಅವನ ತಾಯಿಗೆ ಪೇಟೆಯಲ್ಲಿ ಒಣ ಜರ್ದಾಳು ಹಣ್ಣಿನ ವ್ಯಾಪಾರ, ಮಾತು ಜಾಸ್ತಿ. ಮಾರ್ಗಿಲಾನಿನಲ್ಲಿರುವ ತನ್ನ ಅಕ್ಕನಿಂದ ತರಿಸಿದ ಬಿಳಿ ರೇಷ್ಮೆ ಅದು, ಕೈಮಗ್ಗದ್ದು. ಅಂಥದ್ದು ಇಲ್ಲಿ ಸಿಗುವುದಿಲ್ಲ ಎಂದು ಹೇಳಿ, ನಾನು ಒಪ್ಪುವ ತನಕ ಬಟ್ಟೆಯ ತುದಿಯನ್ನು ಬೆರಳಲ್ಲಿ ಹೊಸೆಯುತ್ತ ಕೂತಳು. ಗುರುವಾರ ಹೆಂಗಸರನ್ನು ಸೇರಿಸುವುದು, ಮಸ್ತೂರಾ ಅಪಾ ಕತ್ತರಿ ಹಾಕುವುದು ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಆಕೆ ಹೋದ ಮೇಲೆ ಬಟ್ಟೆಯನ್ನು ಮೇಜಿನ ಮೇಲೆ ಹರಡಿದೆ. ಒಮ್ಮೆ ನೀರು ಚಿಮುಕಿಸಿ ಇಸ್ತ್ರಿ ಮಾಡಿಡೋಣ ಎಂದುಕೊಂಡೆ.

ಪರ್ವೋನಾ ಕೆಲಸದಿಂದ ಬಂದವಳು ಬಾಗಿಲಲ್ಲೇ ನಿಂತು ಕೇಳಿದಳು:

"ಮಸ್ತೂರಾ ಖೋಲಾಗೆ ಹೇಳಿಬಿಟ್ರಾ?"

"ಹೇಳ್ದೆ."

"ಹಾಗಾದ್ರೆ ನಾನು ನಾಳೆ ಗೌನಿಗೆ ಹೇಳಿಬರ್ತೀನಿ. ಬಲೂನ್ ಥರ ಊದ್ಕೊಂಡಿರುತ್ತಲ್ಲ, ಅದು."

"ಬಲೂನಾದ್ರೂ ತೊಡು, ಗೋಣಿಚೀಲ ಆದ್ರೂ ತೊಡು. ನನ್ನ ಕೈ ಮಾತ್ರ ಕೇಳ್ಬೇಡ."

"ಏನಾಗಿದೆ ನಿಮ್ಮ ಕೈಗೆ? ಅದೇ ಕೈಯಲ್ಲಿ ತಾನೆ ನಂಗೆ ಅನ್ನ ಹಾಕಿದ್ದು. ಇಳಿಯೋದಾಗಿದ್ರೆ ಅವತ್ತೇ ಇಳೀತಿತ್ತು."

ಉತ್ತರವಿಲ್ಲದಾಗ ನಾನು ದನಿ ಏರಿಸುತ್ತೇನೆ; ಅದು ನನ್ನ ದೌರ್ಬಲ್ಯ. ಹೇಳುತ್ತಾ ಹೋದೆ. ನಾನು ಪಟ್ಟದ್ದು ನಿನಗೆ ಬೇಡ ಎಂದೇ ಇಷ್ಟು ವರ್ಷ ಕಣ್ಣು ಹಾಳು ಮಾಡಿಕೊಂಡದ್ದು ಎಂದೆ. ಜನರ ಬಾಯಿಗೆ ಬೀಗ ಹಾಕಲು ನಿನ್ನ ಸಿಯೋವುಶ್‌ಗೆ ಬರುವುದಿಲ್ಲ, ಅವನಿಗೆ ಬರುವುದು ಫ್ರಿಜ್ಜಿನ ಬಾಗಿಲು ಮಾತ್ರ ಎಂದೆ. ನಾಳೆ ನಿನಗೂ ಅವನಿಗೂ ಒಂದು ಸಣ್ಣ ಜಗಳವಾದರೂ ತಾಯಿಯ ಕೈ ಎನ್ನುತ್ತಾರೆ, ಆಗ ನಾನು ಎಲ್ಲಿಗೆ ಹೋಗಲಿ ಎಂದೆ. ಮಾತು ತನ್ನ ಪಾಡಿಗೆ, ಕೈ ತನ್ನ ಪಾಡಿಗೆ. ಪರ್ವೋನಾ ಎದುರು ಮಾತಾಡುತ್ತಿದ್ದವಳು ಸುಮ್ಮನಾದಳು. ಕೊನೆಗೂ ಗೆದ್ದೆ ಎಂದುಕೊಂಡೆ.

ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಮೇಜು ನೋಡುತ್ತಿದ್ದಳು. ನಾನೂ ನೋಡಿದೆ.

ಅಂಗಡಿಯಲ್ಲಿ ಬಟ್ಟೆಯನ್ನು ಅವಸರದಲ್ಲಿ ಕತ್ತರಿಸಿದರೆ ಅಂಚು ಸೊಟ್ಟ ಬರುತ್ತದೆ. ನಮ್ಮ ಕಸುಬಿನವರು ಮೊದಲು ಮಾಡುವ ಕೆಲಸವೆಂದರೆ ಅಡ್ಡಕ್ಕೆ ಒಂದು ಎಳೆ ಹಿಡಿದು ಎಳೆಯುವುದು, ಅದು ಬಿಟ್ಟುಹೋದ ಗೆರೆಯ ಮೇಲೆ ಕತ್ತರಿ ಓಡಿಸಿ ಅಂಚು ನೇರ ಮಾಡುವುದು. ಕತ್ತರಿ ಬೀಳದ ಬಟ್ಟೆ ಮೇಜಿಗೆ ಬಂದರೆ ನನ್ನ ಕೈ ಅದನ್ನೇ ಮಾಡುತ್ತದೆ, ಹೇಳಿಸಿಕೊಳ್ಳುವುದಿಲ್ಲ. ಮದುವೆಯ ಬಟ್ಟೆ ಇಡಿಯಾಗಿ ನನ್ನ ಮುಂದೆ ಬಂದದ್ದೇ ಇಲ್ಲವಲ್ಲ. ಇದನ್ನೂ ಯಾರದೋ ಪರದೆಯ ಬಟ್ಟೆ ಎಂದುಕೊಂಡಿತು ಕೈ. ಬೆರಳಗಲದ ಬಿಳಿ ರೇಷ್ಮೆಯ ಪಟ್ಟಿ ಮೇಜಿನಿಂದ ಜಾರಿ ನನ್ನ ಕಾಲ ಮೇಲೆ ಬಿದ್ದಿತ್ತು.

ಪರ್ವೋನಾ ಬಗ್ಗಿ ಅದನ್ನು ಎತ್ತಿಕೊಂಡಳು. ಮಣಿಕಟ್ಟಿಗೆ ಸುತ್ತಿ, ಹಲ್ಲಿನಿಂದ ಎಳೆದು ಗಂಟು ಹಾಕಿದಳು.

"ಆಯ್ತಲ್ಲ, ಓಯಾ," ಎಂದಳು. ನಗು ತಡೆಯಲು ನೋಡಿದಳು, ಆಗಲಿಲ್ಲ. "ಬೇಡ ಬೇಡ ಅಂತಾನೇ ಹಾಕಿಬಿಟ್ರಿ."

ನಾನು ದೃಷ್ಟಿ ತೆಗೆಯುವ ಹಜೋರಿಸ್ಪಂದ್ ಸೊಪ್ಪು ಸುಟ್ಟು ಬಟ್ಟೆಗೆ ಹೊಗೆ ಹಿಡಿದೆ. ಮೇಜಿಗೆ ಹಿಡಿದೆ. ಅವಳ ತಲೆಗೆ ಹಿಡಿದೆ, ಅವಳು ಸೀನಿದಳು. ಅಂಚು ಅಂದರೆ ಅಂಗಿಯಲ್ಲ, ಅದು ಹೇಗೂ ಎಸೆಯುವ ಭಾಗ ಎಂದು ನನಗೆ ನಾನೇ ಹೇಳಿಕೊಂಡೆ. ಮರುಕ್ಷಣ, ಕತ್ತರಿಗೆ ಅದೆಲ್ಲ ಗೊತ್ತಾಗುತ್ತದೆಯೇ ಎಂದೂ ಹೇಳಿಕೊಂಡೆ. ಪಟ್ಟಿಯನ್ನು ಮತ್ತೆ ಸೇರಿಸಿ ಹೊಲಿದುಬಿಡಲೇ ಎಂಬ ಯೋಚನೆ ಕೂಡ ಬಂತು. ಹೊಲಿದರೆ ಕಾಣದ ಹಾಗೆ ಹೊಲಿಯಬಲ್ಲೆ, ಆದರೆ ಅದು ಮೋಸವಾಗುತ್ತದೆ. ಅದೇ ಬಟ್ಟೆ ಇನ್ನೊಮ್ಮೆ ತರಿಸಲು ಮುಕರ್ರಮ್‌ಗೆ ಹೇಳಬೇಕು. ಹೇಳಿದರೆ, ಬಟ್ಟೆಯ ಜೊತೆ ಸಂಬಂಧವೂ ಬೇಡ ಎಂದುಬಿಟ್ಟರೆ? ಪರ್ವೋನಾ ಪಕ್ಕದ ಕೋಣೆಯಲ್ಲಿ ಫೋನಿನಲ್ಲಿ ಸಿಯೋವುಶ್ ಜೊತೆ ನಗುತ್ತಿರುವುದು ಕೇಳಿಸುತ್ತಿತ್ತು. ಯಾರ ಬಾಳಿಗಾಗಿ ನಾನು ಬೇಯುತ್ತಿದ್ದೇನೋ ಅವಳಿಗೆ ಹಸಿವಾಗಿತ್ತು; ರಾತ್ರಿಗೇನು ಮಾಡ್ತೀರಿ ಎಂದು ನಡುವೆ ಕೂಗಿ ಕೇಳಿದಳು.

ಮರುದಿನ ಮಸ್ತೂರಾ ಅಪಾ ಮನೆಗೆ ಹೋದೆ. ಕತ್ತರಿ ಹಾಕುವವರು ಅವರು. ಮೊದಲೇ ಬಿದ್ದ ಕತ್ತರಿಯ ಮೇಲೆ ಕತ್ತರಿ ಹಾಕುತ್ತಿದ್ದೀರಿ ಎಂದು ಅವರಿಗೆ ತಿಳಿಸದೆ ಇರುವುದು ಸರಿಯಲ್ಲ ಎನ್ನಿಸಿತು. ಅವರು ಅಂಗಳದಲ್ಲಿ ತಂದೂರಿನ ಬಾಯಿಗೆ ಬಗ್ಗಿ ಒಳಗೋಡೆಗೆ ರೊಟ್ಟಿ ಬಡಿಯುತ್ತಿದ್ದರು. ಸೊಸೆಯರು ಮನೆಯಲ್ಲಿರಲಿಲ್ಲ. ನಾನು ಎಲ್ಲ ಹೇಳಿದೆ. ಎಳೆ ಎಳೆದದ್ದು, ಪಟ್ಟಿ ಬಿದ್ದದ್ದು, ಅದು ಈಗ ಮಗಳ ಕೈಯಲ್ಲಿರುವುದು. ನೀವು ಬಿಸ್ಮಿಲ್ಲಾ ಹೇಳಿ ಹಾಕಿದರೆ ಮೊದಲಿನದು ಅಳಿಸಿಹೋಗುತ್ತದೆಯೇ ಎಂದು ಕೇಳಿದೆ. ಹೌದು ಎಂದುಬಿಟ್ಟರೆ ಮನೆಗೆ ಹೋಗಿ ನೆಮ್ಮದಿಯಾಗಿ ಇಸ್ತ್ರಿ ಮಾಡುತ್ತಿದ್ದೆ.

ಅವರು ರೊಟ್ಟಿ ಬಡಿಯುವ ದಿಂಬನ್ನು ಕೆಳಗಿಟ್ಟರು. ಮುಖ ಬೆಂಕಿಯ ಝಳಕ್ಕೆ ಕೆಂಪಾಗಿತ್ತು. ನನ್ನನ್ನು ಹೆಸರು ಹಿಡಿದು ಕರೆದರು.

"ಅದೋಲತ್, ನಿನ್ನನ್ನ ಒಂದು ಕೇಳ್ತೀನಿ, ಯಾರಿಗೂ ಹೇಳ್ಬೇಡ. ಹೋದ ಚಳಿಗಾಲದಲ್ಲಿ ಅವನು ಫೋನ್ ಮಾಡಿದ್ದ. ಆರೋಗ್ಯ ಅದು ಇದು ಕೇಳಿದ. ಆಮೇಲೆ ಆ ಮಾತು ಶುರು ಮಾಡಿದ. ಎರಡು ಸಲ ಕೇಳಿಸ್ತು. ಮೂರನೇದಕ್ಕೆ ಬಿಡ್ಲಿಲ್ಲ, ಫೋನ್ ಕಟ್ ಮಾಡಿಬಿಟ್ಟೆ."

ನಾನು ತಂದೂರಿನ ಪಕ್ಕದ ಕಟ್ಟೆಯ ಮೇಲೆ ಕೂತೆ.

"ಆಮೇಲಿಂದ ಅವನ ನಂಬರ್ ಬಂದ್ರೆ ನಾನು ಎತ್ತೋದೇ ಇಲ್ಲ. ಮಕ್ಕಳ ಫೋನಲ್ಲೂ ಮಾತಾಡಲ್ಲ. ಸಂಜೆ ಆಟ ಆಡ್ತಾ ಮೊಮ್ಮಗು ಫೋನ್ ತಂದು ಕಿವಿಗೆ ಹಿಡಿದ್ರೆ ಕಿವಿ ಮುಚ್ಕೊಂಡು ಎದ್ದುಬಿಡ್ತೀನಿ." ತಂದೂರಿನಿಂದ ಸುಟ್ಟ ವಾಸನೆ ಬಂತು. ಅವರು ಅತ್ತ ನೋಡಲಿಲ್ಲ. "ಈಗ ನೀನೇ ಹೇಳು. ನಾನು ಗಂಡ ಇರೋಳೋ, ಬಿಟ್ಟೋಳೋ? ಅವತ್ತಿಂದ ಎಷ್ಟು ಹುಡುಗೀರ ಬಟ್ಟೆ ಕತ್ತರಿಸಿದೀನಿ. ಬರಲ್ಲ ಅಂದ್ರೆ ಯಾಕೆ ಅಂತಾರೆ. ಯಾಕೆ ಅಂತ ಏನಂತ ಹೇಳ್ಲಿ?"

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಮರುಕಕ್ಕಿಂತ ಮೊದಲು ಸಿಟ್ಟು ಬಂತು. ನನ್ನ ಹೊರೆ ಇಳಿಸಲು ಹೋದವಳು ಅವರದ್ದನ್ನೂ ಹೊತ್ತು ಬರಬೇಕಾಯಿತು. ಸುಟ್ಟ ರೊಟ್ಟಿಯನ್ನು ಇಬ್ಬರೂ ಸೇರಿ ಕಿತ್ತೆವು. ಒಳ್ಳೆಯದರಲ್ಲಿ ಎರಡನ್ನು ನನ್ನ ಕೈಗೆ ತುರುಕಿದರು. ಗುರುವಾರ ಬರ್ತೀರಲ್ಲ ಎಂದು ನಾನು ಕೇಳಿದೆ, ಬರದೆ ಇದ್ರೆ ಆಗುತ್ತಾ ಎಂದು ಅವರು ಕೇಳಿದರು.

ಮಸ್ತೂರಾ ಅಪಾ ಬೇಡ, ಬೇರೆಯವರಿಂದ ಹಾಕಿಸೋಣ ಎಂದರೆ ಮುಕರ್ರಮ್ ಕಾರಣ ಕೇಳುತ್ತಾಳೆ. ಅವರೇ ಹಾಕಲಿ ಎಂದರೆ ನನಗೆ ಗೊತ್ತಿದ್ದೂ ಗೊತ್ತಿದ್ದೂ ಮಗಳ ಬಟ್ಟೆಯನ್ನು ಅಂಥ ಕೈಗೆ ಕೊಟ್ಟ ಹಾಗೆ. ಪರ್ವೋನಾ ಮುಂದೆ ಬಾಯಿ ಬಿಡುವಂತಿಲ್ಲ, ಬಿಟ್ಟರೆ ನಾನು ಮೊದಲೇ ಹೇಳಿರಲಿಲ್ಲವಾ ಎನ್ನುತ್ತಾಳೆ. ಅವಳು ಮಾತ್ರ ನನ್ನ ಮುಖ ನೋಡಿ, ಗೌನಿನ ಮಾತು ಬಿಟ್ಟು ಹೊಸ ಷರತ್ತು ಹಾಕಿದಳು: ಗುರುವಾರ ನಾನು ಅಡಿಗೆಮನೆಯಲ್ಲಿ ಅಡಗಿಕೊಳ್ಳಬಾರದು, ಹೆಂಗಸರ ನಡುವೆ ಕೂರಬೇಕು. ಆಗ ಪಟ್ಟಿಯ ವಿಷಯ ತಾನು ಎತ್ತುವುದಿಲ್ಲ. ನೋಡೋಣ ಎಂದೆ. ಕೂರುವುದಿಲ್ಲ ಎಂದು ಮನಸ್ಸಿನಲ್ಲೇ ನಿಶ್ಚಯಿಸಿದೆ.

ಗುರುವಾರ ಮನೆ ತುಂಬಿತು. ಗೋಡೆಯ ಉದ್ದಕ್ಕೂ ಹಾಸಿದ ಮೆತ್ತೆಗಳ ಮೇಲೆ ಹೆಂಗಸರು, ನಡುವೆ ಹೊಸ ದಸ್ತರ್‌ಖಾನು, ಅದರ ಮೇಲೆ ಬಿಳಿ ರೇಷ್ಮೆ. ಬಿಳಿಯ ಮೇಲೆ ಸೋಪಿನ ಗೆರೆ ಕಾಣುವುದಿಲ್ಲವೆಂದು ಕತ್ತಿನ ಸುತ್ತು ನೀಲಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿಟ್ಟಿದ್ದೆ. ಪದ್ಧತಿಯಂತೆ ಪರ್ವೋನಾ ಪಕ್ಕದ ಕೋಣೆಯಲ್ಲಿ ಪರದೆಯ ಹಿಂದೆ ಇದ್ದಳು. ನಾನು ಚಹಾದ ಕೆಟಲ್ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಹೊಸಿಲಿನ ಆಚೆಯೂ ಅಲ್ಲ, ಈಚೆಯೂ ಅಲ್ಲ. ಮುಕರ್ರಮ್ ಹಿಡಿ ತುಂಬ ಮಿಠಾಯಿ ಬಟ್ಟೆಯ ಮೇಲೆ ಚೆಲ್ಲಿ, ಒಂದನ್ನು ಬಾಯಿಗೆ ಹಾಕಿಕೊಂಡು, ಕತ್ತರಿಯನ್ನು ಮಸ್ತೂರಾ ಅಪಾ ಮುಂದಿಟ್ಟಳು. ನಮ್ಮ ಊರಿನ ಕಮ್ಮಾರರು ಮಾಡಿದ ನನ್ನದೇ ಕತ್ತರಿ. ಭಾರದ್ದು, ಹಿಡಿ ಬಿಗಿ, ಪಳಗದ ಕೈಯ ಮಾತು ಕೇಳುವುದಿಲ್ಲ.

ಮಸ್ತೂರಾ ಅಪಾ ಅದನ್ನು ಎತ್ತಿಕೊಂಡರು. ಬಟ್ಟೆಯ ಮಡಿಕೆಯನ್ನು ಎಡಗೈಯಲ್ಲಿ ಹಿಡಿದರು. ಬಿಸ್ಮಿಲ್ಲಾ ಎನ್ನಲು ತುಟಿ ಅಲುಗಿತು, ದನಿ ಬರಲಿಲ್ಲ. ಕತ್ತರಿಯ ಬಾಯಿ ತೆರೆಯಿತು. ಅದರ ತುದಿ ನಡುಗುತ್ತ ನೀಲಿ ದಾರ ಬಿಟ್ಟು ಕೆಳಗಿಳಿಯಿತು, ಎದೆಯ ಕಡೆಗೆ. ಇನ್ನೊಂದು ಬೆರಳಗಲ ಇಳಿದು ಮುಚ್ಚಿಕೊಂಡರೆ ಆ ಬಟ್ಟೆಯಲ್ಲಿ ಅಂಗಿ ಆಗುವುದಿಲ್ಲ.

ನನಗೆ ಶಕುನ ನೆನಪಾಗಲಿಲ್ಲ. ಹಾಳಾಗುವ ಬಟ್ಟೆಯನ್ನು ನೋಡುತ್ತ ನಿಲ್ಲಲು ನನ್ನಿಂದ ಆಗುವುದಿಲ್ಲ, ಅಷ್ಟೇ. ಕೆಟಲ್ ಎಲ್ಲಿಟ್ಟೆನೋ, ಯಾರ ಕಾಲು ದಾಟಿದೆನೋ. ಹೋಗಿ ಅವರ ಮಣಿಕಟ್ಟು ಹಿಡಿದುಕೊಂಡೆ.

"ತಡೀರಿ, ಅಪಾ."

ಕೋಣೆಯಲ್ಲಿ ಮಿಠಾಯಿಯ ಕಾಗದ ಬಿಚ್ಚುವ ಸದ್ದೂ ನಿಂತಿತು. ಮಸ್ತೂರಾ ಅಪಾ ನನ್ನ ಕಡೆ ನೋಡಿದರು. ಅಷ್ಟು ಹೆದರಿದ ಕಣ್ಣನ್ನು ನಾನು ದೊಡ್ಡವರಲ್ಲಿ ನೋಡಿರಲಿಲ್ಲ. ನಾನು ಅವರ ಗುಟ್ಟು ಹೇಳಿಬಿಡುತ್ತೇನೆ ಎಂದುಕೊಂಡಿದ್ದರು. ಏನಾದರೂ ಹೇಳಲೇಬೇಕಿತ್ತು. ನನ್ನ ಹತ್ತಿರ ಇದ್ದದ್ದು ನನ್ನದೇ ಒಂದು ಮಾತು.

"ಮುಕರ್ರಮ್ ಅಪಾ, ಈ ಬಟ್ಟೆಗೆ ಮೊದಲ ಕತ್ತರಿ ಆಗ್ಲೇ ಬಿದ್ದಿದೆ," ಎಂದೆ. "ನನ್ನ ಕೈಯಿಂದ. ಅಂಚು ಸೊಟ್ಟ ಇತ್ತು, ಮೈಮರೆತು ನೇರ ಮಾಡಿಬಿಟ್ಟೆ."

ಮೂಲೆಯಲ್ಲಿದ್ದ ಒಬ್ಬ ಮುದುಕಿ ತೌಬಾ ತೌಬಾ ಎಂದಳು. ಮುಕರ್ರಮ್ ಬಾಯಲ್ಲಿದ್ದ ಮಿಠಾಯಿಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು.

"ಎಷ್ಟು ಹೋಯ್ತು?"

"ಒಂದು ಬೆರಳಗಲ."

"ಬಟ್ಟೆ ಸಾಲುತ್ತಾ?"

"ಸಾಲುತ್ತೆ."

"ಅವತ್ತೇ ಹೇಳ್ಬೇಕಿತ್ತು ನೀವು. ಅಕ್ಕನಿಗೆ ಹೇಳಿ ಬೇರೆ ತರಿಸ್ತಿದ್ದೆ. ಈಗ ಎಲ್ಲಿಂದ ತರಿಸ್ಲಿ?" ಅವಳ ಮುಖ ಬಿಗಿದಿತ್ತು. ನಾನು ತಲೆ ತಗ್ಗಿಸಿದೆ. ಅವಳು ಹೇಳಿದ್ದು ಸರಿಯೇ ಇತ್ತು. ಆಮೇಲೆ ಅವಳ ಕಣ್ಣು ಮಸ್ತೂರಾ ಅಪಾ ಕೈಯ ಮೇಲೆ ಹೋಯಿತು. "ಅಪಾ, ನಿಮ್ಮ ಕೈಗೇನಾಯ್ತು? ಹಿಂಗೆ ನಡುಗ್ತಿದೆ."

ಅವರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. "ಬೆಳಿಗ್ಗೆಯಿಂದ ನಮ್ಮನೇ ರೊಟ್ಟಿಗೆ ತಂದೂರಿನ ಮುಂದೆ ನಿಂತಿದ್ರು. ಕೈ ಸೋತುಹೋಗಿದೆ. ಅಪಾ, ಕತ್ತರಿ ನಂಗೆ ಕೊಡಿ."

ಮಾತು ಆಡಿದ ಮೇಲೆ ಏನು ಆಡಿದೆ ಎಂದು ನನಗೆ ತಿಳಿಯಿತು. ಆಗ ಪರದೆಯ ಹಿಂದಿನಿಂದ ಪರ್ವೋನಾ, ಮದುವಣಗಿತ್ತಿಯ ಉಸಿರು ಕೂಡ ಕೇಳಿಸಬಾರದ ಜಾಗದಿಂದ, "ಕೊಡಿ, ಖೋಲಾ," ಎಂದಳು. ಯಾರೋ ಕಿಸಕ್ಕನೆ ನಕ್ಕರು.

"ಹುಡುಗಿಗೆ ನಾಲಿಗೆ ಚೆನ್ನಾಗಿದೆ," ಎಂದಳು ಮುಕರ್ರಮ್. "ನಮ್ಮ ಹುಡುಗನಿಗೆ ಇಲ್ಲ. ಒಂದು ಮನೆಗೆ ಒಂದು ಸಾಕೇನೋ." ಸ್ವಲ್ಪ ಹೊತ್ತು ರೇಷ್ಮೆಯ ತುದಿಯನ್ನು ಬೆರಳಲ್ಲಿ ಹೊಸೆದಳು. ವ್ಯಾಪಾರದವಳು, ಹಾಳಾದ ಬಟ್ಟೆಯ ಲೆಕ್ಕ ಅವಳಿಗೆ ಶಕುನದ ಲೆಕ್ಕಕ್ಕಿಂತ ಬೇಗ ತಿಳಿಯುತ್ತದೆ ಎಂದು ಕಾಣುತ್ತದೆ. "ಸೊಟ್ಟ ಕತ್ತರಿಸಿ ಎಸೆಯೋದಕ್ಕಿಂತ ಕೆಲಸ ಬರೋರು ಕತ್ತರಿಸ್ಲಿ. ಆದ್ರೆ ಬಿಸ್ಮಿಲ್ಲಾ ಮಸ್ತೂರಾ ಅಪಾನೇ ಹೇಳ್ಬೇಕು."

ಮಸ್ತೂರಾ ಅಪಾ ಕತ್ತರಿಯನ್ನು ನನ್ನ ಅಂಗೈಯಲ್ಲಿಟ್ಟರು. ಅವರು ಬಿಸ್ಮಿಲ್ಲಾ ಎಂದರು, ಈ ಸಲ ದನಿ ಬಂತು. ನಾನು ನೀಲಿ ದಾರದ ಮೇಲೆ ಕತ್ತರಿಸಿದೆ. ಮದುವೆಯ ಬಟ್ಟೆಯಲ್ಲಿ ಕತ್ತಿನ ಸುತ್ತು ಕತ್ತರಿಸುವುದು ಬೇರೆ ಬಟ್ಟೆಯಲ್ಲಿ ಕತ್ತರಿಸುವ ಹಾಗೇ ಇರುತ್ತದೆ. ಅದು ನನಗೆ ಗೊತ್ತಿರಲಿಲ್ಲ.

ಇದೆಲ್ಲ ಚೆನ್ನಾಗಿ ಮುಗಿಯಿತು ಎಂದು ಹೇಳಲಾರೆ. ತೌಬಾ ಎಂದ ಮುದುಕಿಯೂ ಅವಳ ಸೊಸೆಯೂ ಪಲಾವ್ ಮುಟ್ಟದೆ ಎದ್ದುಹೋದರು. ಮನೆಯಲ್ಲಿ ಮಗು ಒಂದೇ ಇದೆ ಎಂದರು, ಮಗು ಸೊಸೆಯ ಕಂಕುಳಲ್ಲೇ ಇತ್ತು. ನಾಳೆಗೆ ಓಣಿಯ ಆಚೆ ತುದಿಗೂ ಸುದ್ದಿ ಮುಟ್ಟುತ್ತದೆ. ಮುಕರ್ರಮ್ ಎರಡು ಸಲ ಬಡಿಸಿಕೊಂಡು ತಿಂದಳು, ಹೋಗುವಾಗ ಮಾತ್ರ ನನ್ನನ್ನು ಅಪ್ಪಿಕೊಳ್ಳದೆ ಕೈ ಮುಟ್ಟಿ ಹೋದಳು. ಅದಕ್ಕೆ ಏನರ್ಥವೋ. ಮಸ್ತೂರಾ ಅಪಾ ಪಾತ್ರೆ ತೊಳೆಯಲು ಉಳಿದುಕೊಂಡರು. ಇಬ್ಬರೂ ಸೇರಿ ಎಲ್ಲವನ್ನೂ ತೊಳೆದೆವು. ಅವರ ಫೋನು ಕಿಟಕಿಯ ಮೇಲೆ ಗುರ್ ಎಂದು ಅಲುಗಿತು. ಅವರು ಒದ್ದೆ ಕೈಯಲ್ಲೇ ಅದನ್ನು ಬೋರಲು ಹಾಕಿದರು.

ಮಾರನೆಯ ಮಧ್ಯಾಹ್ನ ಅಂಗಿಯನ್ನು ಕಚ್ಚಾ ಹೊಲಿಗೆಯಲ್ಲಿ ಜೋಡಿಸಿ ಪರ್ವೋನಾಳನ್ನು ಸ್ಟೂಲಿನ ಮೇಲೆ ನಿಲ್ಲಿಸಿದೆ. ಅವಳು ನೇರ ನಿಲ್ಲಲಿಲ್ಲ. ಒಮ್ಮೆ ಈ ಕಾಲಿಗೆ ಭಾರ, ಒಮ್ಮೆ ಆ ಕಾಲಿಗೆ. ಸಿಯೋವುಶ್ ಹೀಗಂದ, ಔಷಧದ ಅಂಗಡಿಯಲ್ಲಿ ಹಾಗಾಯಿತು ಎಂದು ಹೇಳುತ್ತಲೇ ಇದ್ದಳು. ಸೊಂಟದ ಹತ್ತಿರ ಒಳಗೆ ಬಿಡುವ ಬಟ್ಟೆಯನ್ನು ನಾನು ಎಂದಿಗಿಂತ ಜಾಸ್ತಿ ಬಿಟ್ಟಿದ್ದೆ, ಮುಂದೆ ಬಿಚ್ಚಿ ಹಿಗ್ಗಿಸಲು ಬರಲಿ ಎಂದು. ಅವಳು ಅದನ್ನು ಮುಟ್ಟಿ ನೋಡಿ, ನನ್ನನ್ನು ಯಾವಾಗ ದಪ್ಪ ಮಾಡಬೇಕೆಂದಿದ್ದೀರಿ ಎಂದು ಕೇಳಿದಳು. ಆಮೇಲೆ ಹೊಸ ಯೋಜನೆ ತೆಗೆದಳು: ಮದುವೆಯ ದಿನ ಮನೆಯ ಬಾಗಿಲಲ್ಲಿ ತನ್ನ ತಲೆಯ ಮೇಲೆ ಬಟ್ಟೆ ಹಿಡಿದು ಕಳಿಸಿಕೊಡುವ ಹೆಂಗಸರಲ್ಲಿ ಒಂದು ತುದಿ ನಾನು ಹಿಡಿಯಬೇಕಂತೆ, ಇನ್ನೊಂದು ತುದಿ ಮಸ್ತೂರಾ ಖೋಲಾ. ಅದೂ ನನ್ನಂಥವರು ಹಿಡಿಯುವುದಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತು.

ತೋಳಿನ ಅಳತೆಗೆ ಕೈ ಎತ್ತು ಎಂದು ಸನ್ನೆ ಮಾಡಿದೆ. ಎತ್ತಿದಳು. ಮಣಿಕಟ್ಟಿನಲ್ಲಿ ಆ ಪಟ್ಟಿ ಇನ್ನೂ ಇತ್ತು, ಕೊಳೆಯಾಗಿ, ಅಂಚಿನಲ್ಲಿ ಎಳೆ ಬಿಟ್ಟುಕೊಂಡು. ಬಿಚ್ಚಿ ಬಿಸಾಡು ಅದನ್ನ ಎಂದು ಬಯ್ಯಬೇಕೆಂದಿದ್ದೆ. ಬಾಯಿ ತುಂಬ ಗುಂಡುಸೂಜಿ ಇದ್ದವು. ಅವುಗಳಲ್ಲಿ ಒಂದನ್ನು ತೆಗೆದು, ಅವಳಿಗೆ ಚುಚ್ಚದ ಹಾಗೆ, ಅಂಗಿಯ ತೋಳನ್ನು ಆ ಪಟ್ಟಿ ಮುಚ್ಚುವಷ್ಟು ಉದ್ದಕ್ಕೆ ಮಡಿಸಿ ಹಿಡಿದು ಸಿಕ್ಕಿಸಿದೆ.